ಲಿಲ್ಲಿ ಗೆಡ್ಡೆಯ ಪಕ್ಕ ಚುಚ್ಚಿದ ಕಡ್ಡಿ

ನಮ್ಮ ಮನೆಯವರು ಕೆಲಸಕ್ಕಿದ್ದ ಪೀಣ್ಯದ ಕಾರ್ಖಾನೆ ಮುಚ್ಚಿದ ವರ್ಷ, ಸಂಕ್ರಾಂತಿ ಮುಗಿದ ವಾರವೇ ನಾವು ಕ್ವಾರ್ಟರ್ಸ್ ಖಾಲಿ ಮಾಡಬೇಕಾಯಿತು. ಪಾತ್ರೆಪಗಡ ಕಟ್ಟುವ ಕೆಲಸ ನನ್ನದು. ಅತ್ತೆಗೆ ಮಾತ್ರ ಹಿತ್ತಲಿನ ಲಿಲ್ಲಿಯದೇ ಚಿಂತೆ. ಒಂದೇ ಗೆಡ್ಡೆ ತಂದು ನೆಟ್ಟು, ವರ್ಷವರ್ಷವೂ ಮರಿ ಬಿಡಿಸಿ ಹಿತ್ತಲ ತುಂಬ ಅಲ್ಲಲ್ಲಿ ನೆಟ್ಟಿದ್ದರು. ಮೇ ತಿಂಗಳಲ್ಲಿ ಚೆಂಡಿನಂಥ ಕೆಂಪು ಹೂ ಬರುತ್ತಿತ್ತು. ಚಳಿಗಾಲಕ್ಕೆ ಎಲೆ ಒಣಗಿಹೋದರೆ ಗೆಡ್ಡೆ ಎಲ್ಲಿದೆಯೆಂದೇ ತಿಳಿಯದು. ಅದಕ್ಕೇ ಎಲೆ ಹಳದಿಯಾಗುವಾಗಲೇ ಒಂದೊಂದರ ಪಕ್ಕವೂ ಪೊರಕೆಕಡ್ಡಿ ಚುಚ್ಚಿಡುತ್ತಿದ್ದರು.

ಹಬ್ಬಕ್ಕೆಂದು ಹಿತ್ತಲು ಗುಡಿಸುವಾಗ ಆ ಕಡ್ಡಿಗಳನ್ನೆಲ್ಲ ಕಿತ್ತು ನೀರೊಲೆಗೆ ಹಾಕಿದವಳು ನಾನೇ. ಕಸ ಕಂಡರೆ ನನಗೆ ಮೈ ಉರಿಯುತ್ತದೆ. ಅವು ಯಾಕಿವೆ ಎಂದು ಕೇಳುವಷ್ಟು ತಾಳ್ಮೆ ಎಲ್ಲಿತ್ತು!

ಅತ್ತೆ ಕಳೆಗುದ್ದಲಿ ಹಿಡಿದು ಎರಡು ದಿನ ಅಗೆದರು. ಸಿಕ್ಕಿದ್ದು ಒಂದು, ಅದೂ ಏಟು ಬಿದ್ದು ಸೀಳಿದ್ದು.

"ಕಡ್ಡಿ ಚುಚ್ಚಿದ್ದೆ ಕಣೇ. ಇಲ್ಲಾ ಚುಚ್ಚಲೇ ಇಲ್ವೋ? ಅರಳುಮರಳು ಶುರುವಾಯ್ತು ನಂಗೆ" ಎಂದರು.

ಬೈಸಿಕೊಳ್ಳಲು ಹೆದರಿ, "ವಯಸ್ಸಾಯ್ತಲ್ಲ ಅತ್ತೆ" ಎಂದುಬಿಟ್ಟೆ. ಥೂ, ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ!

ಸೀಳಿದ ಗೆಡ್ಡೆಗೆ ಬೂದಿ ಸವರಿ, ನೆರಳಲ್ಲಿ ಒಣಗಿಸಿ, ಸಿಂಗಸಂದ್ರದ ಬಾಡಿಗೆ ಮನೆಗೆ ಬಂದಮೇಲೆ ಹಳೇ ಪೇಂಟ್ ಬಕೆಟ್ಟಿನಲ್ಲಿ ನೆಟ್ಟರು. ನೀರು ಹಾಕುವುದನ್ನು ಮಾತ್ರ ನನಗೇ ಬಿಟ್ಟರು. "ಮರ್ತು ಎರಡೆರಡು ಸಲ ಹಾಕಿ ಕೊಳೆಸಿಬಿಡ್ತೀನಿ" ಎಂದರು. ಆಮೇಲೆ ಹಾಲು ಕಾಯಿಸುವುದನ್ನು ಬಿಟ್ಟರು, ಒಬ್ಬರೇ ಬಸ್ಸು ಹತ್ತುವುದನ್ನೂ ಬಿಟ್ಟರು. ಯಾರೇನು ವಿಚಾರಿಸಿದರೂ "ನನ್ನ ಕೇಳ್ಬೇಡಿ" ಎನ್ನುತ್ತಿದ್ದರು. ನಮ್ಮ ಮನೆಯವರು ಅವರನ್ನು ಡಾಕ್ಟರ ಹತ್ತಿರ ತೋರಿಸೋಣವೇ ಎಂದು ಕೇಳಿದಾಗಲೂ ನಾನು ಕಡ್ಡಿಯ ಸುದ್ದಿ ಎತ್ತಲಿಲ್ಲ.

ಮೇ ತಿಂಗಳಲ್ಲಿ ಹೂ ಬರಲಿಲ್ಲ. ಹಸಿರು ಸುರುಳಿಯೊಂದು ಮಣ್ಣು ಸೀಳಿಕೊಂಡು ಎದ್ದಿತು. ಅತ್ತೆ ಬಗ್ಗಿ ನೋಡಿ, "ಇದು ಲಿಲ್ಲೀನೇ ತಾನೇ? ನಂಗೆ ಖಾತ್ರಿಯಿಲ್ಲ, ನೀನೇ ಹೇಳು" ಎಂದು ನನ್ನ ಮುಖ ನೋಡಿದರು. ಇಷ್ಟು ವರ್ಷ ಅದನ್ನು ಸಾಕಿದವರು!

"ಅತ್ತೆ, ಕಡ್ಡಿ ಕಿತ್ತಿದ್ದು ನಾನು. ನೀವು ಸರಿಯಾಗೇ ಚುಚ್ಚಿದ್ರಿ."

ಬೈಯುತ್ತಾರೆಂದು ಕಾದೆ. ಅವರು ಬಕೆಟ್ಟಿನ ಅಂಚು ಹಿಡಿದುಕೊಂಡು ಮೆಲ್ಲಗೆ ಕೂತರು.

"ಗೆಡ್ಡೆ ಹಾಳಾಗೋಗ್ಲಿ ಬಿಡು. ನಾಲ್ಕು ತಿಂಗಳಿಂದ ರಾತ್ರಿಯೆಲ್ಲ ಮೊಮ್ಮಕ್ಕಳ ಹೆಸರು ಹೇಳ್ಕೊಂಡು ಮಲಗ್ತಿದ್ದೀನಿ ಕಣೇ, ಬೆಳಿಗ್ಗೆಗೆ ಮರ್ತೋಗ್ತೀನೇನೋ ಅಂತ."