ಅಕ್ಕೋರು ಖಾಲಿ ಬಿಟ್ಟ ನಾಲ್ಕು ಸಾಲು

ಕಳೆದ ತಿಂಗಳು ಹಡಗಲಿಯಲ್ಲಿ ಹೊಲಿಗೆ ಮಷಿನ್ ರಿಪೇರಿ ಮಾಡುವವನ ಅಂಗಡಿಗೆ ಹೋಗಿದ್ದೆ. ಹೆಂಡತಿಯ ಮಷಿನ್ ಬಿಗಿಯಾಗಿತ್ತು. ಅವನು ತಳದ ತಗಡು ಬಿಚ್ಚಿ, ಹಲ್ಲುಜ್ಜುವ ಹಳೆಯ ಬ್ರಶ್ಶನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒಳಗಿನ ಜಿಡ್ಡು ತಿಕ್ಕತೊಡಗಿದ. ಆಮೇಲೆ ಸಣ್ಣ ಕುಪ್ಪಿಯಿಂದ ಮಷಿನ್ ಎಣ್ಣೆ ಬಿಟ್ಟ. ಸೀಮೆಎಣ್ಣೆ, ಮಷಿನ್ ಎಣ್ಣೆ, ಹಳೆಯ ಕಬ್ಬಿಣ... ಮೂರರ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿಯಿತು. ಕೊಟ್ಟೂರಿನ ಆ ಮಹಡಿ ಕೋಣೆ ಕಣ್ಣಮುಂದೆ ಬಂದು ನಿಂತಿತು. ಪ್ರತಿ ಶನಿವಾರ ಮಧ್ಯಾಹ್ನ ನಾವು ಹನ್ನೆರಡು ಜನ ವಿದ್ಯಾರ್ಥಿಗಳು ಹೀಗೆಯೇ ಟೈಪ್‌ರೈಟರುಗಳ ಅಕ್ಷರದ ಅಚ್ಚು ತಿಕ್ಕುತ್ತಿದ್ದೆವು. ಅಕ್ಕೋರು ಹಿಂದೆ ನಿಂತು, ಯಾವ ಅಕ್ಷರದ ಹೊಟ್ಟೆಯಲ್ಲಿ ಇನ್ನೂ ಮಸಿ ಉಳಿದಿದೆ ಎಂದು ಬಗ್ಗಿ ನೋಡುತ್ತಿದ್ದರು.

ನಮ್ಮ ಕಡೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತೇವೆ. ಇವರು ಟೈಪಿಂಗ್ ಅಕ್ಕೋರು. ಬಸ್ ಸ್ಟ್ಯಾಂಡಿನ ಹತ್ತಿರ, ಕಾಳಿನ ದಲ್ಲಾಳಿ ಅಂಗಡಿಯೊಂದರ ಮೇಲೆ ಅವರ ಇನ್‌ಸ್ಟಿಟ್ಯೂಟ್ ಇತ್ತು. ತೊಂಬತ್ತರ ದಶಕದ ಮೊದಲಲ್ಲಿ ನಾನು ತಂಬ್ರಹಳ್ಳಿಯಿಂದ ಬಸ್ಸಿನಲ್ಲಿ ಬಂದು ಅಲ್ಲಿ ಜೂನಿಯರ್ ಪರೀಕ್ಷೆಗೆಂದು ಕನ್ನಡ ಟೈಪಿಂಗ್ ಕಲಿತೆ. ಕಲಿತೆ ಎನ್ನುವುದು ದೊಡ್ಡ ಮಾತು, ಎರಡು ಸಲ ಫೇಲಾದೆ. ಅವರಿಗೆ ಆಗಲೇ ನಲವತ್ತರ ಹತ್ತಿರ. ಒಬ್ಬಂಟಿ. ಗಂಡ ಎಲ್ಲಿ, ಇದ್ದಾರೋ ಇಲ್ಲವೋ ಎಂದು ಯಾರೂ ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ. ರಬ್ಬರಿನಿಂದ ಅಳಿಸುವುದನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ತಪ್ಪಾದರೆ ಹೊಸ ಹಾಳೆ ಹಾಕಬೇಕು, ಮೊದಲ ಸಾಲಿನಿಂದ ಶುರು ಮಾಡಬೇಕು. ನಾನು ಹಾಳು ಮಾಡಿದ ಹಾಳೆಗಳನ್ನು ಕೆಳಗಿನ ಅಂಗಡಿಯವರು ಶೇಂಗಾ ಕಟ್ಟಿಕೊಡಲು ಬಳಸುತ್ತಿದ್ದರು.

ಟೈಪಿಂಗ್ ಬಾರದಿದ್ದರೂ ನನಗೆ ಕರೆಂಟಿನ ಇಲಾಖೆಯಲ್ಲಿ ಹೆಲ್ಪರ್ ಕೆಲಸ ಸಿಕ್ಕಿತು. ಕೆಲವು ವರ್ಷಗಳ ನಂತರ ಒಂದು ಸಣ್ಣ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಆದೆ. ಆ ಊರಿನ ಹೆಸರು ಇಲ್ಲಿ ಬೇಡ. ಅಲ್ಲಿ ನನ್ನ ಜತೆಗೊಬ್ಬ ಲೈನ್‌ಮನ್ ಇದ್ದ, ತೆಲಿಗಿಯವನು. ಆ ದಶಕ ಮುಗಿಯುವ ಹೊತ್ತಿಗೆ, ಒಂದು ದಿನ ಬೆಳಗಿನ ಹನ್ನೊಂದರ ಸುಮಾರಿಗೆ, ಅವನು ಕಂಬದ ಮೇಲೆ ಶಾಕ್ ಹೊಡೆದು ಸತ್ತ.

ಇಷ್ಟನ್ನು ನಾನು ಬಹಳ ವರ್ಷ ಇಷ್ಟರಲ್ಲೇ ಹೇಳಿ ಮುಗಿಸುತ್ತಿದ್ದೆ.

ಬರೆಯುವ ಹುಚ್ಚು ನನಗೆ ಮೊದಲಿನಿಂದ ಇತ್ತು. ಎರಡು ಸಾವಿರದ ಐದಾರರ ಹೊತ್ತಿಗೆ ಅಕ್ಕೋರು ಟೈಪ್‌ರೈಟರುಗಳನ್ನು ಮಾರಿ ಎರಡು ಕಂಪ್ಯೂಟರ್ ತಂದು, ಬಾಗಿಲಿಗೆ ‘ಡಿಟಿಪಿ, ಇಂಟರ್‌ನೆಟ್’ ಎಂದು ಬೋರ್ಡು ಹಾಕಿದ್ದರು. ನಾನು ಆಗ ಕೊಟ್ಟೂರಿನಲ್ಲೇ ಮನೆ ಮಾಡಿದ್ದೆ. ಒಂದು ಸಂಜೆ ಅಲ್ಲಿಗೆ ಹೋದಾಗ ಅವರು ಅಂತರಜಾಲದಲ್ಲಿ ಬರುತ್ತಿದ್ದ ಒಂದು ಕನ್ನಡ ಪತ್ರಿಕೆ ತೋರಿಸಿದರು. ‘ನನ್ನ ಕೆಲಸ, ನನ್ನ ಜತೆಗಾರ’ ಎಂಬ ಅಂಕಣಕ್ಕೆ ಓದುಗರಿಂದ ಲೇಖನ ಕೇಳಿದ್ದರು. ಕೆಳಗೆ ಒಂದು ಷರತ್ತಿತ್ತು: ಕಳಿಸುವ ಮೊದಲು ಬರೆದದ್ದನ್ನು ಒಬ್ಬರಿಗಾದರೂ ಓದಲು ಕೊಡಿ, ಅವರು ಹೇಳಿದ್ದನ್ನು ಕೇಳಿ ತಿದ್ದಿ, ಆಮೇಲೆ ಕಳಿಸಿ.

ಸತ್ತ ಗೆಳೆಯನ ಬಗ್ಗೆ ಆರು ಪುಟ ಬರೆದೆ. ಚೆನ್ನಾಗಿದೆ ಎಂದು ನನಗೇ ಅನಿಸಿತ್ತು. ಟೈಪ್ ಮಾಡಲು ಅಕ್ಕೋರಿಗೆ ಕೊಟ್ಟು, ಓದುಗರೂ ನೀವೇ ಆಗಿಬಿಡ್ರಿ ಎಂದೆ.

ಮೊದಲ ಪುಟದಲ್ಲೇ ಅವರ ಕೈ ನಿಂತಿತು.

“ಮುತ್ತಿನಂಥ ಮನುಷ್ಯ ಅಂತ ಬರ್ದಿ. ಮುತ್ತಿನಂಥ ಮನುಷ್ಯ ಅಂದ್ರ ಏನು ಮಾಡ್ತಿದ್ದ?”

ನಾನು ಯೋಚಿಸಿ ಹೇಳಿದೆ. ಅವನು ಕಂಬ ಹತ್ತುವ ಮೊದಲು ಚಪ್ಪಲಿ ಬಿಟ್ಟು ಜೋಡಿಸಿಡುತ್ತಿದ್ದ. ಹೊಲದವರ ಹತ್ತಿರ ಒಂದು ಚೊಂಬು ನೀರು ಕೇಳಿ ಕುಡಿದು, ಚೊಂಬನ್ನು ತಾನೇ ತೊಳೆದು ಕೊಡುತ್ತಿದ್ದ. ಇಳಿದ ಮೇಲೆ, ಕಂಬದ ಬುಡದಲ್ಲಿ ತಂತಿಯ ತುಂಡು ಬಿದ್ದಿದ್ದರೆ ದನ ತಿಂದಾವು ಎಂದು ಆರಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದ.

“ಇದನ್ನ ಬರಿ. ಮುತ್ತು ತಗಿ.”

ಹೀಗೆ ಮೂರು ಪುಟ ದಾಟಿದೆವು. ಪ್ರತಿ ಪುಟದಲ್ಲೂ ನನ್ನ ಒಳ್ಳೊಳ್ಳೆಯ ಮಾತುಗಳೆಲ್ಲ ಹೋದವು. ಸಿಟ್ಟು ಬರುತ್ತಿತ್ತು, ಆದರೆ ಟೈಪಾಗಿ ಬಂದ ಹಾಳೆ ಓದಿದರೆ ಅವನು ಎದುರಿಗೆ ಕೂತಂತಾಗುತ್ತಿತ್ತು. ನಾಲ್ಕನೆಯ ಪುಟದಲ್ಲಿ ಆ ದಿನದ ವಿವರವಿತ್ತು. ಅದರಲ್ಲೊಂದು ವಾಕ್ಯ: ‘ಅಷ್ಟರಲ್ಲಿ ವಿಧಿ ಬರೆದಂತೆ ಲೈನಿಗೆ ಕರೆಂಟ್ ಬಂತು.’

ಅಕ್ಕೋರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

“ಕರೆಂಟ್ ತಾನಾಗೇ ಬರ್ತೈತೇನು? ಯಾರು ಬಿಟ್ರು?”

ಸಬ್‌ಸ್ಟೇಷನ್ನಿನಿಂದ, ಎಂದೆ.

“ಸಬ್‌ಸ್ಟೇಷನ್ನಿಗೆ ಕೈ ಇರ್ತಾವೇನು? ಯಾರು ಅಂತ ಕೇಳಾಕತ್ತೀನಿ.”

ಗೊತ್ತಾಗಲಿಲ್ಲ ಅಕ್ಕೋರ, ವಿಚಾರಣೆಯಲ್ಲೂ ಗೊತ್ತಾಗಲಿಲ್ಲ... ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. ಅವರು ಪರದೆಯತ್ತ ತಿರುಗಿದರು. ಉಳಿದ ಎರಡು ಪುಟ ಟೈಪ್ ಮಾಡಿ, ಪ್ರಿಂಟ್ ತೆಗೆದುಕೊಟ್ಟರು. ಆ ವಾಕ್ಯ ಇರಬೇಕಾದ ಕಡೆ ನಾಲ್ಕು ಸಾಲಿನಷ್ಟು ಜಾಗ ಖಾಲಿ ಬಿಟ್ಟಿದ್ದರು. “ಇದನ್ನ ತುಂಬಿಕೊಂಡು ಬಾ, ತಮ್ಮಾ. ಆಮ್ಯಾಲೆ ಕಳ್ಸೋಣು” ಎಂದರು.

ಒಂದು ವಾರ ಬಿಟ್ಟು ‘ತಾಂತ್ರಿಕ ದೋಷದಿಂದ’ ಎಂದು ಬರೆದುಕೊಂಡು ಹೋದೆ. ಓದಿ ಹಾಳೆ ವಾಪಸ್ ಕೊಟ್ಟರು. ಮತ್ತೊಂದು ವಾರಕ್ಕೆ ‘ಸಂವಹನದ ಕೊರತೆಯಿಂದ’ ಎಂದು ಬರೆದೆ. ಅದನ್ನೂ ಕೊಟ್ಟರು. ಬೇರೆಯವರ ಹತ್ತಿರ ಟೈಪ್ ಮಾಡಿಸಬಹುದಿತ್ತು. ಹಗರಿಬೊಮ್ಮನಹಳ್ಳಿಯಲ್ಲಿ, ಹರಪನಹಳ್ಳಿಯಲ್ಲಿ ಇಂಟರ್‌ನೆಟ್ ಅಂಗಡಿಗಳಿದ್ದವು. ಒಂದು ದಿನ ಬಸ್ ಹತ್ತಿ ಹೋಗಿಯೂ ಹೋದೆ. ಹಗರಿಬೊಮ್ಮನಹಳ್ಳಿಯಲ್ಲಿ ಅಂಗಡಿಯ ಮುಂದೆ ನಿಂತು, ಒಂದು ಚಹಾ ಕುಡಿದು, ಹಾಗೆಯೇ ತಿರುಗಿ ಬಂದೆ. ಸೀದಾ ಅಕ್ಕೋರ ಮೆಟ್ಟಿಲು ಹತ್ತಿದೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ಅವರು ಮದುವೆ ಪತ್ರಿಕೆಯೊಂದನ್ನು ಟೈಪ್ ಮಾಡುತ್ತಿದ್ದರು.

“ನಾನ ಬಿಟ್ಟೆ, ಅಕ್ಕೋರ” ಎಂದೆ.

ಅವರು ಕೀಲಿಮಣೆಯಿಂದ ಕೈ ತೆಗೆದರು. ಕುರ್ಚಿ ತೋರಿಸಿದರು. ನಾನು ಹೇಳಿದೆ. ಆ ಬೆಳಿಗ್ಗೆ ಅವನು ಒಂದು ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ, ಲೈನ್ ಆಫ್ ಮಾಡು, ಕಂಬ ಹತ್ತುತ್ತೇನೆ ಎಂದಿದ್ದ. ನಾನು ಆಫ್ ಮಾಡಿ, ಹತ್ತು ಎಂದೆ. ಅದನ್ನು ಸಬ್‌ಸ್ಟೇಷನ್ನಿನ ದಾಖಲೆ ಪುಸ್ತಕದಲ್ಲಿ ಬರೆದು, ಟೈಮು ಹಾಕಬೇಕು. ಆಮೇಲೆ ಬರೆದರಾಯಿತು ಎಂದು ಬಿಟ್ಟೆ. ಒಂದು ತಾಸಿನ ನಂತರ ಬೇರೆ ಲೈನಿನವರು ಫೋನ್ ಮಾಡಿ, ನಮ್ಮ ಕೆಲಸ ಮುಗಿಯಿತು, ಕರೆಂಟ್ ಬಿಡಿ ಎಂದರು. ಎರಡು ಲೈನ್ ಆಫ್ ಆಗಿದ್ದವು. ಪುಸ್ತಕ ನೋಡಿದೆ. ಅದರಲ್ಲಿ ಇವನ ಹೆಸರಿರಲಿಲ್ಲ, ಇವನು ಕಂಬದ ಮೇಲಿದ್ದಾನೆಂಬುದು ಮರೆತೇ ಹೋಗಿತ್ತು. ನನ್ನ ಕೈ ಇವನ ಲೈನಿಗೆ ಹೋಯಿತು... ವಿಚಾರಣೆಗೆ ಬಂದ ಸಾಹೇಬರು, ಅವನು ಫೋನ್ ಮಾಡಿದ್ದನೇನು ಎಂದು ಕೇಳಿದರು. ಇಲ್ಲ ಸರ್ ಎಂದೆ. ಅಷ್ಟೇ ಅಂದದ್ದು. ಹಳ್ಳಿಗಳಲ್ಲಿ ಕರೆಂಟ್ ದಿನಾ ಹೋಗುತ್ತಿತ್ತು, ಆ ಹೊತ್ತು ಲೈನ್ ಆಫ್ ಆಗಿದ್ದನ್ನು ನೆನಪಿಟ್ಟುಕೊಂಡವರು ಯಾರೂ ಇರಲಿಲ್ಲ. ಅನುಮತಿ ಇಲ್ಲದೆ ಕಂಬ ಹತ್ತಿದ್ದಾನೆ, ಅವನದೇ ನಿಷ್ಕಾಳಜಿ ಎಂದು ಬರೆದು ಕಡತ ಮುಚ್ಚಿದರು. ಅದರಿಂದಾಗಿ ಅವನ ಮನೆಯವರಿಗೆ ಅನುಕಂಪದ ಮೇಲೆ ಸಿಗಬೇಕಾದ ನೌಕರಿಯೂ ನಿಂತುಹೋಯಿತು.

ಅಕ್ಕೋರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಅವರು ಮದುವೆ ಪತ್ರಿಕೆ ಮುಚ್ಚಿ, ನನ್ನ ಲೇಖನ ತೆರೆದು, “ಹೇಳು, ನಿಧಾನಕ್ಕ ಹೇಳು” ಎಂದರು. ನಾನು ಹೇಳಿದಂತೆ ಒಂದೊಂದೇ ವಾಕ್ಯ ಟೈಪ್ ಮಾಡಿದರು. ನಾಲ್ಕು ಸಾಲು ಸಾಲಲಿಲ್ಲ, ಒಂದು ಪುಟವಾಯಿತು. ಇನ್ನು ಕಳಿಸುತ್ತಾರೆ ಎಂದುಕೊಂಡರೆ, ಪ್ರಿಂಟ್ ತೆಗೆದು ಕೈಗಿಟ್ಟರು.

“ನಾನು ಓದಿದ್ದಾತು. ಇದನ್ನ ಓದಾಕ ಇನ್ನೊಬ್ರು ಅದಾರ. ತೆಲಿಗಿಗೆ ಹೋಗು.”

ಆಗುವುದಿಲ್ಲ ಎಂದೆ. “ಹಂಗಾದ್ರ ಇದು ಇಲ್ಲೇ ಇರ್ತೈತಿ” ಎಂದು ಮತ್ತೆ ಮದುವೆ ಪತ್ರಿಕೆ ತೆರೆದರು.

ಹನ್ನೆರಡು ದಿನ ಆ ಹಾಳೆಗಳನ್ನು ಚೀಲದಲ್ಲಿಟ್ಟುಕೊಂಡು ಓಡಾಡಿದೆ. ಹದಿಮೂರನೆಯ ದಿನ ರಜೆ ಹಾಕಿ ಹರಪನಹಳ್ಳಿಗೆ, ಅಲ್ಲಿಂದ ತೆಲಿಗಿಗೆ ಹೋದೆ. ಅವನ ಹೆಂಡತಿ ಅಲ್ಲಿ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದರು. ಮಕ್ಕಳ ಊಟ ಮುಗಿದು, ಪಾತ್ರೆ ತೊಳೆದು ಬೋರಲು ಹಾಕಿ, ಜಗಲಿಯ ಮೇಲೆ ಕೂತಿದ್ದರು. ನನ್ನನ್ನು ಗುರುತು ಹಿಡಿದು, ಬರ್ರಿ ಅಣ್ಣಾರ ಎಂದರು. ಆ ಅಣ್ಣಾರ ಎಂಬ ಮಾತಿಗೆ ನಾನು ಅರ್ಹನಲ್ಲ ಎಂದು ಅವರಿಗೆ ಇನ್ನೂ ಗೊತ್ತಿರಲಿಲ್ಲ.

ಓದಿದೆ. ಚಪ್ಪಲಿ ಜೋಡಿಸಿಡುವ ಮಾತಿಗೆ ಸ್ವಲ್ಪ ನಕ್ಕರು. ಬೆಳಿಗ್ಗೆ ರೊಟ್ಟಿ ತಿಂದು ಹೊರಟ ಎಂದು ಬರೆದಿದ್ದೆ. “ಅವತ್ತು ಉಂಡು ಹೋಗಿರ್ಲಿಲ್ಲ. ಕಟ್ಟಿಸ್ಕೊಂಡು ಹೋಗಿದ್ರು” ಎಂದರು. ನಾನು ಪೆನ್ನು ತೆಗೆದು ತಿದ್ದಿದೆ. ಆ ಪುಟ ಬಂದಾಗ ತಲೆ ಎತ್ತದೆ ಓದಿದೆ. ಮುಗಿದ ಮೇಲೂ ತಲೆ ಎತ್ತಲಿಲ್ಲ.

“ಅವ್ರು ಫೋನ್ ಮಾಡಿ ಕೇಳಿದ್ರು ಅಂತ ಐತಲ್ಲ, ಅದನ್ನ ಇನ್ನೊಮ್ಮಿ ಓದ್ರಿ.”

ಓದಿದೆ.

“ಇನ್ನೊಮ್ಮಿ.”

ಮೂರನೆಯ ಸಲ ಓದುವಾಗ ಅವರು ಅಳುತ್ತಿದ್ದರು. “ನಮ್ಮನಿಯವ್ರು ಕೇಳದ ಕಂಬ ಹತ್ತೋರಲ್ಲ ಅಂತ ಎಲ್ಲಾರಿಗೂ ಹೇಳಿದ್ನಿ. ಅವ್ರ ಅವ್ವನೂ ನಂಬಲಿಲ್ಲ” ಎಂದರು. ಆಮೇಲೆ ಕಣ್ಣೊರೆಸಿಕೊಂಡು ನನ್ನನ್ನು ನೇರ ನೋಡಿದರು.

“ಕಂಪ್ಯೂಟರಿನಾಗ ಯಾರು ಓದ್ತಾರೋ ನನಗ ಗೊತ್ತಿಲ್ಲ. ಮೊದ್ಲು ಇದನ್ನ ಆಫೀಸಿಗೆ ಬರ್ದು ಕೊಡ್ರಿ, ಸಹಿ ಹಾಕಿ. ಆಮ್ಯಾಲೆ ಎಲ್ಲಿ ಬೇಕಾದ್ರೂ ಹಾಕ್ರಿ.”

ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಆ ಪ್ರತಿಯನ್ನು ಅವರೇ ಇಟ್ಟುಕೊಂಡರು.

ಕೊಟ್ಟೂರಿಗೆ ಬಂದು ಅಕ್ಕೋರಿಗೆ ಹೇಳಿದೆ. “ಸರಿಯಾಗೇ ಹೇಳ್ಯಾಳ” ಎಂದು ಹೊಸ ಹಾಳೆ ತೆರೆದರು. ಈ ಸಲ ಮೇಲಧಿಕಾರಿಗಳಿಗೆ ಅರ್ಜಿ. ಅದರಲ್ಲಿ ಒಂದೇ ಒಂದು ಅಲಂಕಾರದ ಮಾತಿರಲಿಲ್ಲ. ನನ್ನ ಹೆಂಡತಿ ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ, ನಾನು ಆಫೀಸಿಗೆ ಹೊರಟಾಗ, ಒಗೆದ ಅಂಗಿ ತಂದುಕೊಟ್ಟಳು.

ವಿಚಾರಣೆ ಮತ್ತೆ ನಡೆಯಿತು. ಅಮಾನತಾದೆ. ಠಾಣೆಗೆ, ಕೋರ್ಟಿಗೆ ಅಲೆದೆ. ಗೆಳೆಯರು ದಾರಿ ಬದಲಿಸಿದರು. ಕೊನೆಗೆ ಕೆಳಗಿನ ಹುದ್ದೆಗೆ ಇಳಿಸಿ ಹಡಗಲಿ ಕಡೆಗೆ ಹಾಕಿದರು. ವಿಚಾರಣೆ ನಡೆಯುತ್ತಿದ್ದ ದಿನಗಳಲ್ಲಿ ಬಹಳ ಸಲ ಅಕ್ಕೋರ ಕೋಣೆಯಲ್ಲಿ ಸುಮ್ಮನೆ ಹೋಗಿ ಕೂರುತ್ತಿದ್ದೆ. ಅವರು ಸಮಾಧಾನದ ಮಾತು ಆಡುವವರಲ್ಲ. “ನಿಷ್ಕಾಳಜಿ ಅನ್ನೋ ಮಾತು ತಗದ್ರೇನು?” ಎಂದಷ್ಟೇ ಕೇಳುತ್ತಿದ್ದರು. ಇನ್ನೂ ಇಲ್ಲ ಎಂದರೆ, “ಹಂಗಾದ್ರ ಇನ್ನೊಂದು ಅರ್ಜಿ ಬರಿ” ಎನ್ನುತ್ತಿದ್ದರು. ನಾಲ್ಕನೆಯ ಅರ್ಜಿಗೆ ತೆಗೆದರು. ಮೃತನದು ಯಾವ ತಪ್ಪೂ ಇಲ್ಲ ಎಂದು ತೆಲಿಗಿಗೆ ಕಾಗದ ಹೋಯಿತು.

ಆ ವಾರವೇ ಲೇಖನ ಕಳಿಸಿದೆವು. ಫೋನ್ ಲೈನಿನ ಇಂಟರ್‌ನೆಟ್ ಎರಡು ಸಲ ಅರ್ಧಕ್ಕೆ ಕಡಿಯಿತು. ಮೂರನೆಯ ಸಲ ಹೋಯಿತು. ಅದು ಪ್ರಕಟವಾದಾಗ ಅಕ್ಕೋರು ಪರದೆಯ ಮೇಲೆ ಮೊದಲಿನಿಂದ ಕೊನೆಯವರೆಗೆ ಓದಿ, “ಇನ್ನೂ ಎರಡು ವಾಕ್ಯ ಜಾಸ್ತಿ ಅದಾವು” ಎಂದರು. ಯಾವ ಎರಡು ಎಂದು ಹೇಳಲಿಲ್ಲ. ಲೇಖನದ ಕೆಳಗೆ, ಓದುಗರ ಪ್ರತಿಕ್ರಿಯೆಗಳಲ್ಲಿ, ಯಾವುದೋ ಊರಿನ ಆಪರೇಟರ್ ಒಬ್ಬ, ಇದನ್ನು ಓದಿದ ಮೇಲೆ ಪುಸ್ತಕದಲ್ಲಿ ಬರೆಯದೆ ಸ್ವಿಚ್ ಮುಟ್ಟುವುದಿಲ್ಲ ಎಂದು ಬರೆದಿದ್ದ. ಅದನ್ನು ಓದಿ ಅವರು ಎದ್ದು ಹೋಗಿ ಇಬ್ಬರಿಗೂ ಚಹಾ ತಂದರು. ಅವರು ನನಗೆ ಚಹಾ ಕೊಟ್ಟದ್ದು ಅದೊಂದೇ ಸಲ.

ಹಡಗಲಿಗೆ ಬಂದ ಮೇಲೆ ಹೋಗಿ ಬರುವುದು ಕಡಿಮೆಯಾಯಿತು. ಒಮ್ಮೆ, ಹೊಸದೊಂದು ಬರಹ ಹಿಡಿದುಕೊಂಡು ಹೋದಾಗ, ಮಹಡಿಗೆ ಬೀಗ ಬಿದ್ದಿತ್ತು. ಕೆಳಗಿನ ದಲ್ಲಾಳಿ, “ನಿಮಗ ಗೊತ್ತಾಗ್ಲಿಲ್ಲೇನ್ರಿ? ಹೋಗಿ ಮೂರು ತಿಂಗಳಾತು. ಸಕ್ಕರಿ ರೋಗ ಇತ್ತು” ಎಂದ. ಸಕ್ಕರೆ ಇತ್ತೆಂಬುದೂ ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ನಾನು ನನ್ನದನ್ನೇ ಹೇಳಿಕೊಂಡಿದ್ದೆ...

ಈ ನೆನಪನ್ನು ಬರೆದು ಮುಗಿಸಿದ ಮೇಲೆ, ಇದನ್ನು ಯಾರಿಗೆ ತೋರಿಸಬೇಕೆಂದು ಬಹಳ ಯೋಚಿಸಲಿಲ್ಲ. ಸತ್ತ ಗೆಳೆಯನ ಮಗಳು ಈಗ ಹರಪನಹಳ್ಳಿಯಲ್ಲಿ ನಮ್ಮ ಇಲಾಖೆಯಲ್ಲೇ ಗುಮಾಸ್ತೆ. ಅಪ್ಪನ ಮೇಲಿನ ಮಾತು ಹೋದ ಮೇಲೂ ಎರಡು ವರ್ಷ ಅಲೆದು ಅವಳಮ್ಮ ಕೊಡಿಸಿದ ನೌಕರಿ ಅದು. ಅವಳಿಗೆ ಕಳಿಸಿದೆ. ನಿನ್ನೆ ಫೋನ್ ಮಾಡಿದಳು.

“ಕಾಕಾ, ಒಂದು ವಿಷಯ ಬಿಟ್ಟೀರಿ. ನನ್ನ ನೌಕರಿ ಅರ್ಜಿಗಳನ್ನೆಲ್ಲ ಟೈಪ್ ಮಾಡಿದ್ದು ಆ ಅಕ್ಕೋರೇ. ನೀವು ಅಮ್ಮನ ಹತ್ರ ಬಿಟ್ಟು ಬಂದ ಹಾಳೆ ಕೆಳಗ ಅವರ ಅಂಗಡಿ ವಿಳಾಸ ಇತ್ತಲ್ಲ, ಅಮ್ಮ ಹುಡುಕ್ಕೊಂಡು ಹೋಗಿದ್ಲು. ಎರಡು ವರ್ಷ ತಿಂಗಳಿಗೊಮ್ಮೆ ಹೋಗ್ತಿದ್ವಿ. ಊಟ ಹಾಕದ ಕಳಿಸ್ತಿರ್ಲಿಲ್ಲ. ನಿಮಗ ಹೇಳಬ್ಯಾಡ ಅಂದಿದ್ರು.”

ಅದೇ ಕಾಲದಲ್ಲಿ ಹಡಗಲಿಯಿಂದ ಆಗೀಗ ಬಂದು ನಾನೂ ಆ ಕೋಣೆಯಲ್ಲಿ ಕೂತಿದ್ದೆ. ಒಮ್ಮೆಯೂ ಅವರು ಬಾಯಿ ಬಿಡಲಿಲ್ಲ. ಯಾಕೆ ಹೇಳಲಿಲ್ಲ ಎಂದು ಈಗ ಕೇಳೋಣವೆಂದರೆ ಅವರಿಲ್ಲ. ಹುಡುಗಿ ಹೇಳಿದ್ದನ್ನು, ಹೇಳಿದ ಹಾಗೆಯೇ ಇಲ್ಲಿ ಸೇರಿಸಿದ್ದೇನೆ.