ಮೀಸೆಯ ಸನ್ಯಾಸ

ಕ್ಷೌರದ ಅಂಗಡಿಯ ಸೋಪಿನ ವಾಸನೆ ಬಂದರೆ ಬೇರೆಯವರಿಗೆ ಏನೇನು ನೆನಪಾಗುತ್ತದೋ ನಾನರಿಯೆ. ನನಗಂತೂ ಕ್ರೈಸ್ತ ಸಂತನೊಬ್ಬ ನೆನಪಾಗುತ್ತಾನೆ. ನಗಬೇಡಿ. ನಿನ್ನೆಯೂ ಹಾಗೇ ಆಯಿತು. ಕುರ್ಚಿಯಲ್ಲಿ ಕೂತು ಭಕ್ತಿಯಿಂದ ಕಣ್ಣು ಮುಚ್ಚಿದೆ. ಅಂಗಡಿಯವನು ನನಗೆ ತಲೆಸುತ್ತು ಬಂತೆಂದು ನೀರು ತಂದ.

ಆ ಸಂತ ಯಾವುದೋ ದೂರದೇಶದ, ಹಳೆಯ ಕಾಲದ ದಂಡನಾಯಕ. ಕತ್ತಿ ಹಿಡಿದರೆ ಎದುರು ನಿಂತವರಿಲ್ಲ. ಒಂದು ದಿನ ಇದೆಲ್ಲ ಸಾಕೆನ್ನಿಸಿ ಕತ್ತಿ, ಕುದುರೆ, ಹೆಂಡತಿ ಎಲ್ಲವನ್ನೂ ಬಿಟ್ಟು ಮಠ ಸೇರಿದ. ಅವನು ಹಾಗೆ ಬಿಟ್ಟುಹೋದ ಹೆಂಡತಿ ನಾನು. ಅಂದರೆ, ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಯಲ್ಲಿ ನಾನು ಮೇಷ್ಟರಾಗಿದ್ದಾಗ ಅಲ್ಲಿನ ಚರ್ಚಿನ ಹಬ್ಬಕ್ಕೆ ಆ ಸಂತನ ನಾಟಕ ಆಡಿದರು. ನನ್ನ ಸಣ್ಣ ದನಿ ಕೇಳಿ ಆ ಪಾತ್ರ ಕೊಟ್ಟರು. ನಾನು ಕ್ರೈಸ್ತನಲ್ಲ, ಹೆಂಗಸೂ ಅಲ್ಲ. ಯಾವುದಕ್ಕೂ ಯಾರ ತಕರಾರೂ ಇರಲಿಲ್ಲ.

ದಂಡನಾಯಕನ ಪಾತ್ರ ಚಿನ್ನಪ್ಪನದು. ರಾಗಿ ಹೊಲ, ಹಿಪ್ಪುನೇರಳೆ ತೋಟ ಮಾಡಿಕೊಂಡಿದ್ದ ಕ್ರೈಸ್ತ ರೈತ. ಸುತ್ತಲ ಹಳ್ಳಿಗಳ ಪೌರಾಣಿಕ ನಾಟಕಗಳಲ್ಲಿ ದುಷ್ಟರಾಜ ಯಾರೇ ಇರಲಿ, ವೇಷ ಅವನದೇ. ಕಾರಣ ಅವನ ಮೀಸೆ. ಹರಳೆಣ್ಣೆ ಕುಡಿದು ಬೆಳೆದ ಮೀಸೆ. ಅವನು ಮಾತು ಮರೆತಾಗ ಅದನ್ನು ತಿರುವಿದರೆ ಸಾಕು, ಜನ ಚಪ್ಪಾಳೆ ಹೊಡೆಯುತ್ತಿದ್ದರು.

ಆ ವರ್ಷ ಅವನ ತಂದೆ ರಾಯಪ್ಪನಿಗೆ ಉಬ್ಬಸ ಹೆಚ್ಚಾಗಿ, ಇನ್ನೇನು ಹೋಗಿಯೇ ಬಿಟ್ಟ ಅನ್ನುವಂತಾಗಿತ್ತು. ಆಗ ಚಿನ್ನಪ್ಪ ಸಂತನ ಪಟದ ಮುಂದೆ ಮೊಣಕಾಲೂರಿ, ಅಪ್ಪ ಎದ್ದು ಕೂತರೆ ನಿನ್ನ ವೇಷ ನಾನೇ ಕಟ್ಟುತ್ತೇನೆ, ಸನ್ಯಾಸದವರೆಗೂ ಲೋಪವಿಲ್ಲದೆ ಆಡುತ್ತೇನೆ ಎಂದು ಹರಕೆ ಹೊತ್ತ. ರಾಯಪ್ಪ ಎದ್ದು ಕೂತ. ಅಷ್ಟೇ ಅಲ್ಲ, ಮುದ್ದೆ ಬಸ್ಸಾರು ಕೇಳಿದ.

ತೊಡಕು ತಂದವರು ಪಾದ್ರಿಗಳು. ಅವರು ಕಡಲಾಚೆಯ ಸೀಮೆಯಿಂದ ಬಂದವರು. ಕನ್ನಡವನ್ನು ಪುಸ್ತಕದಿಂದ ಕಲಿತವರು. ಸಂತನ ಪಟ ತೋರಿಸಿ ಅಂದರು: "ನೋಡು ಚಿನ್ನಪ್ಪನೇ, ಸನ್ಯಾಸವಾದ ಮೇಲೆ ಇವರಿಗೆ ಮೀಸೆಯು ಇರುವುದಿಲ್ಲ. ಮೀಸೆಯು ಅಹಂಕಾರವು. ನೀನು ಅದನ್ನು ತೆಗೆಯತಕ್ಕದ್ದು." ಇದನ್ನು ಹೇಳುವಾಗ ಅವರ ಗಡ್ಡ ಎದೆ ದಾಟಿ ಹೊಟ್ಟೆಯನ್ನು ವಿಚಾರಿಸಿಕೊಳ್ಳುತ್ತಿತ್ತು.

ಚಿನ್ನಪ್ಪ ಬೆವೆತುಹೋದ. ನಮ್ಮ ಕಡೆ ಅಪ್ಪ ಸತ್ತಾಗ ಮಗ ಮೀಸೆ ಬೋಳಿಸುತ್ತಾನೆ. ಅಪ್ಪ ಬದುಕಿರುವಾಗ ಬೋಳಿಸಿದರೆ ಸಾವನ್ನು ಕರೆದು ಮಣೆ ಹಾಕಿದ ಹಾಗೆ. ಅವನ ಮನೆತನದವರು ಚರ್ಚಿಗೆ ಹೋಗತೊಡಗಿ ತಲೆಮಾರುಗಳೇ ಕಳೆದಿದ್ದವು. ಮೀಸೆ ಮಾತ್ರ ಇನ್ನೂ ಜ್ಞಾನಸ್ನಾನ ಪಡೆದಿರಲಿಲ್ಲ.

"ಮೇಷ್ಟ್ರೇ, ತೆಗೆಸಿದ್ರೆ ಅಪ್ಪ ಹೋಗ್ತಾನೆ. ತೆಗೆಸ್ದೇ ಇದ್ರೆ ಹರಕೆ ತಪ್ಪಿ ಅಪ್ಪ ಹೋಗ್ತಾನೆ. ಎತ್ಲಾಗೆ ನೋಡಿದ್ರೂ ನಮ್ಮಪ್ಪನೇ ಹೋಗ್ತಾನೆ! ನಾನೇನ್ ಮಾಡ್ಲಿ?" ಎಂದು ನನ್ನ ಹತ್ತಿರ ಗೋಳಾಡಿದ.

ನನ್ನ ತಂದೆ ತೀರಿಕೊಂಡು ಬಹಳ ಕಾಲವಾಗಿತ್ತು. ಹೆಣ್ಣುವೇಷಕ್ಕಾಗಿ ನಾನು ಮೀಸೆ ತೆಗೆಸಿದಾಗ ಯಾಕೆಂದು ಕೇಳುವವರೇ ಇರಲಿಲ್ಲ. ಅವನ ಸಂಕಟ ಕಂಡು ನನಗೆ ನಿಜ ಹೇಳಬೇಕೆಂದರೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. ಕೊನೆಗೆ ನಮಗೆಲ್ಲ ಬಣ್ಣ ಹಚ್ಚಲು ಬಂದ ಊರಿನ ಕ್ಷೌರಿಕನೇ ಒಂದು ಉಪಾಯ ಹೇಳಿದ: ಮೀಸೆಯ ಮೇಲೆ ಮೈದಾ ಅಂಟು ಮೆತ್ತಿ ಬಣ್ಣ ಬಳಿದುಬಿಡುವುದು.

ಅದು ಯುದ್ಧದ ಕಾಲ, ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಹಾಗಾಗಿ ನಾಟಕ ಮಟಮಟ ಮಧ್ಯಾಹ್ನ, ಮಾವಿನ ತೋಪಿನಲ್ಲಿ. ಮೊದಲರ್ಧದಲ್ಲಿ ಚಿನ್ನಪ್ಪ ಶತ್ರುಗಳನ್ನು ಕೊಂದದ್ದೇ ಕೊಂದದ್ದು. ಜನ "ಒನ್ಸ್ ಮೋರ್" ಎಂದು ಸತ್ತವರನ್ನು ಎಬ್ಬಿಸಿದರು, ಅವನು ಮತ್ತೆ ಕೊಂದ. ನಾನು ಸೆರಗು ಕಚ್ಚಿಕೊಂಡು ಅತ್ತೆ. ಆಮೇಲೆ ಅವನು ಒಳಗೆ ಹೋಗಿ ಅಂಟು ಮೆತ್ತಿಸಿಕೊಂಡು, ಸನ್ಯಾಸಿಯ ನಿಲುವಂಗಿಯಲ್ಲಿ ಬಂದು ಕತ್ತಿಯನ್ನು ನೆಲಕ್ಕಿಟ್ಟ. ಬಿಸಿಲಿಗೆ ಬೆವರು ಕಿತ್ತುಕೊಂಡಿತು. ಅಂಟು ಸಡಿಲವಾಗಿ ಮೀಸೆಯ ಎಡತುದಿ ಮೆಲ್ಲಗೆ ಹೊರಗೆ ಬಂದು ಎದ್ದು ನಿಂತಿತು. ಜನ ಬಿದ್ದು ಬಿದ್ದು ನಕ್ಕರು.

ಚಿನ್ನಪ್ಪ ನಗಲಿಲ್ಲ. ಹರಕೆ ಕೆಟ್ಟಿತೆಂದು ನಿಂತಲ್ಲೇ ಗಳಗಳ ಅಳತೊಡಗಿದ. ಆಗ ಮುಂದೆಯೇ ಕೂತಿದ್ದ ರಾಯಪ್ಪ ಆ ಸೆಕೆಯಲ್ಲೂ ಕಂಬಳಿ ಹೊದ್ದುಕೊಂಡು, ಉಸಿರೆಳೆದುಕೊಳ್ಳುತ್ತ ರಂಗದ ಮೇಲೆ ಬಂದ. ಮಗನನ್ನು ಕೂರಿಸಿ ತಾನೂ ಪಕ್ಕದಲ್ಲಿ ಕೂತ. ತೆರೆಯ ಹಿಂದಿದ್ದ ಕ್ಷೌರಿಕನನ್ನು ಕೂಗಿದ: "ಲೇ, ಕತ್ತಿ ತಗಂಬಾರೋ! ನಾನು ಬದುಕಿರೋದನ್ನ ಎಲ್ರೂ ನೋಡ್ಕಳಿ. ಸಂತಪ್ಪಾ, ನೀನೂ ನೋಡ್ಕೋ. ನಾನೇ ಹೇಳಿ ತೆಗೆಸ್ತಾ ಇದ್ದೀನಿ, ನನ್ ಮಗಂದೇನೂ ತಪ್ಪಿಲ್ಲ." ಆಮೇಲೆ ಮಗನ ಕೈ ಹಿಡಿದುಕೊಂಡು, "ಅಳಬ್ಯಾಡ ಕಣೋ, ಕೊಯ್ದ್ಬಿಟ್ಟಾನು. ಅಲ್ಲಾಡ್ದೆ ಕೂತ್ಕ" ಎಂದ.

ಹೀಗೆ ದೂರದೇಶದ ಮಠದಲ್ಲಿ, ಕಂಬಳಿ ಹೊದ್ದ ಮುದುಕನೊಬ್ಬ ಎಲೆಅಡಿಕೆ ಮೆಲ್ಲುತ್ತಿರಲು, ಸಂತನ ದೀಕ್ಷೆ ನಡೆಯಿತು. ನಾಟಕ ಮುಗಿಯುವವರೆಗೂ ಮುದುಕ ಏಳಲಿಲ್ಲ. ಪಾದ್ರಿಗಳು ಮೊದಲು ಬೆಚ್ಚಿದರು. ಆಮೇಲೆ ಗಡ್ಡದಲ್ಲೇ ಕಣ್ಣೊರೆಸಿಕೊಂಡರು.

ನಿಜವಾದ ನಾಟಕ ಮಾರನೆಯ ದಿನ. ಸಂತೆಯಲ್ಲಿ ಚಿನ್ನಪ್ಪನ ಬೋಳು ತುಟಿ ಕಂಡವರೆಲ್ಲ ರಾಯಪ್ಪ ಸತ್ತನೆಂದೇ ತಿಳಿದರು. ಸುದ್ದಿ ಮುಟ್ಟಿ ರಾಯಲ್ಪಾಡಿನಿಂದ ರಾಯಪ್ಪನ ತಂಗಿ ಎದೆ ಬಡಿದುಕೊಳ್ಳುತ್ತ ಬಂದಳು. "ಅಯ್ಯೋ ಅನ್ನಾ, ಎಳ್ಳಿಪೋಯ್ನಾವಾ!" ಎಂದು ತೆಲುಗಿನಲ್ಲಿ ರಾಗ ತೆಗೆದಳು. ಜಗಲಿಯ ಮೇಲೆ ಕೂತಿದ್ದ ರಾಯಪ್ಪ, "ಎಲ್ಲಿಗೂ ಹೋಗಿಲ್ಲ ಕಣಮ್ಮಾ. ಮಜ್ಜಿಗೆ ಕುಡೀತೀಯಾ?" ಎಂದ. ಅಳಲೆಂದೇ ಅಷ್ಟು ದೂರ ನಡೆದು ಬಂದವಳಿಗೆ ರೇಗಿಹೋಯಿತು. "ಇರೋದಾದ್ರೆ ಹೇಳಿ ಕಳಿಸ್ಬಾರ್ದಾ?" ಎಂದು ಬೈದಳು. ದಿನವಿಡೀ ಹೀಗೇ ಜನ ಬಂದರು. ರಾಯಪ್ಪ ತನ್ನ ಸಾವಿಗೆ ಬಂದವರನ್ನೆಲ್ಲ ತಾನೇ ಉಪಚರಿಸಿದ; ಯಾರು ಯಾರು ಬರಲಿಲ್ಲ ಎಂಬುದನ್ನೂ ಚೆನ್ನಾಗಿ ನೆನಪಿಟ್ಟುಕೊಂಡ.

ಆಮೇಲೂ ಅವನು ಎಷ್ಟೋ ವರ್ಷ ಬದುಕಿದ. ನಾನು ವರ್ಗವಾಗಿ ಕೋಲಾರಕ್ಕೆ ಬಂದೆ. ಈ ಕಥೆ ಹೇಳಿ ಹೇಳಿ ಊರನ್ನೆಲ್ಲ ನಗಿಸಿದೆ. ನಿನ್ನೆ ಕ್ಷೌರ ಮುಗಿಸಿ ಬರುತ್ತಿದ್ದರೆ ಬಸ್ ಸ್ಟಾಂಡಿನಲ್ಲಿ ಚಿನ್ನಪ್ಪನೇ ಸಿಗಬೇಕೆ! ತಲೆ ಪೂರ್ತಿ ನರೆತಿದೆ. ತುಟಿ ಬೋಳು.

"ಏನಯ್ಯಾ, ಇನ್ನೂ ಸನ್ಯಾಸ ಬಿಟ್ಟಿಲ್ವಾ?" ಎಂದು ನಕ್ಕೆ.

ಅವನೂ ನಕ್ಕ. "ಅಪ್ಪ ಹೋದಾಗ ತೆಗೆಸ್ದೆ ಮೇಷ್ಟ್ರೇ. ಮತ್ತೆ ಬೆಳೆಸೋಕೆ ಮನಸ್ಸೇ ಬರ್ಲಿಲ್ಲ." ಮೀಸೆಯಿದ್ದ ಜಾಗ ಸವರಿಕೊಂಡ. "ಅವತ್ತು ಕ್ಷೌರಕ್ಕೆ ಕೂತ್ನಲ್ಲಾ, ಗ್ಯಾನ ಇಲ್ದೆ ಪಕ್ಕಕ್ಕೆ ಕೈ ಚಾಚ್ಬಿಟ್ಟೆ, ಹಿಡ್ಕಳೋಕೆ. ಯಾರೂ ಇರ್ಲಿಲ್ಲ."

ಅವನ ಬಸ್ಸು ಬಂತು, ನಿಂತಿತು, ಹೋಯಿತು. ನಾನು ಅವನ ಕೈ ಬಿಟ್ಟಿರಲಿಲ್ಲ.