ಬೋನ್ಸಾಯ್‌ಗೆ ಬಿಗಿದ ಬೆಲ್ಟ್

“ರೀ, ನನ್ನ ಕಾಲೆಲ್ಲಿ?”

ಪಿಕಪ್‌ನ ಎರಡು ಸೀಟುಗಳ ನಡುವೆ ಬಿದ್ದಿದ್ದ ನನ್ನ ಹೆಂಡತಿ ಗಿರಿಜ ಕೇಳಿದಳು. ಕಾಲು ಅಲ್ಲೇ ಇತ್ತು. ನಾನೇ ಹಿಡಿದುಕೊಂಡಿದ್ದೆ. ಅವಳಿಗೆ ತಿಳಿಯಲಿಲ್ಲ.

ಹೂಟಗಳ್ಳಿಯ ಹತ್ತಿರ ಸ್ಕೂಟರೊಂದು ಅಡ್ಡ ಬಂದಿತ್ತು. ತಪ್ಪಿಸಲು ಹೋಗಿ ಡಿವೈಡರ್‌ಗೆ ಗುದ್ದಿದೆ. ನನಗೆ ಬೆಲ್ಟ್ ಇತ್ತು. ಪಕ್ಕದ ಸೀಟಿನಲ್ಲಿ ಗಿರಾಕಿಗೆ ತಲುಪಿಸಬೇಕಿದ್ದ ಬೋನ್ಸಾಯ್ ಆಲ ವಿರಾಜಮಾನವಾಗಿತ್ತು. ಗಿರಿಜಳನ್ನು ಹಿಂದಿನ ಸೀಟಿಗೆ ಕಳಿಸಿ, ಕುಂಡ ಉರುಳೀತೆಂದು ಅದಕ್ಕೂ ಬೆಲ್ಟ್ ಬಿಗಿದಿದ್ದೆ.

ಒಂದು ಎಲೆಯೂ ಉದುರಲಿಲ್ಲ.

ದಟ್ಟಗಳ್ಳಿಯಲ್ಲಿ ನಮ್ಮದೊಂದು ನರ್ಸರಿ. ಹಿಂದೆ ಗಿಡ, ಮುಂದೆ ಸಂಸಾರ ಎಂಬ ಘನ ಉದ್ದೇಶದಿಂದ ಎರಡು ಸಾಲು ಸೀಟಿನ ಪಿಕಪ್ ಕೊಂಡಿದ್ದೆ. ಚಕ್ರಗಳಿಗೆ ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡೆದು, ಸಕಲ ಅಪಾಯಗಳನ್ನೂ ಶಾಸ್ತ್ರೋಕ್ತವಾಗಿ ನಿವಾರಿಸಿದ್ದೆ. ಅದಕ್ಕೂ ಹಿಂದಿನ ದಿನ ಸೀಟ್ ಕವರ್ ಹೊಲಿಯುವವನು ಕೇಳಿದ್ದ: “ಸಾರ್, ಹಿಂದ್ಗಡೆ ಬೆಲ್ಟ್ ಬಕಲ್‌ಗೆ ತೂತು ಬುಡ್ಲಾ?”

“ಬ್ಯಾಡ ಕಣಪ್ಪ, ಕೂತೋರಿಗೆ ಚುಚ್ತದೆ. ಒಳಗೇ ಸೇರಿಸ್ಬುಡು.”

ಸೇರಿಸಿದ. ನೀಟಾಗಿ ಹೊಲಿದ.

“ಸ್ಪೈನ್ ಫ್ರ್ಯಾಕ್ಚರ್. ಇವತ್ತೇ ಆಪರೇಷನ್ ಆಗ್ಬೇಕು,” ಎಂದರು ಡಾಕ್ಟರು. “ನಡೀತಾರೋ ಇಲ್ವೋ ಈಗ್ಲೇ ಹೇಳಕ್ಕಾಗಲ್ಲ. ಬೆಲ್ಟ್ ಹಾಕಿರ್ಲಿಲ್ವಾ?”

“ಹಾಕಿದ್ದೆ ಡಾಕ್ಟ್ರೇ,” ಎಂದೆ. ಯಾರಿಗೆಂದು ಹೇಳಲಿಲ್ಲ.

ರಾಡು, ಸ್ಕ್ರೂ, ಕ್ಯಾಥೆಟರ್. ಆಮೇಲೆ ಮನೆ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು, ಬೆನ್ನು ಹುಣ್ಣಾಗದಂತೆ ಒರೆಸುವುದು, ಬೆಡ್‌ಪ್ಯಾನ್ ತೊಳೆಯುವುದು ನನ್ನ ಹೊಸ ಉದ್ಯೋಗವಾಯಿತು. ನೋಡಲು ಬಂದ ನೆಂಟರು “ನಿನ್ ಗಂಡ ದೇವ್ರು ಕಣಮ್ಮ” ಎಂದು ಹೊಗಳುವಾಗ ಅವಳು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಳ್ಳುತ್ತಿದ್ದಳು. ಆಗ ಅವಳಿಗೆ ತಿರುಗಿಸಲು ಬರುತ್ತಿದ್ದುದು ಅದೊಂದೇ.

ನಾಲ್ಕನೇ ವಾರ ಬಲಗಾಲಿನ ಹೆಬ್ಬೆರಳು ಅಲುಗಿತು.

ಈಗ ವಾಕರ್ ಹಿಡಿದು ಬಾಗಿಲವರೆಗೆ ಬರುತ್ತಾಳೆ. ಎಡಗಾಲು ಎಳೆಯುತ್ತದೆ. ಎಳೆಯುತ್ತಲೇ ಇರಬಹುದಂತೆ. ಇಷ್ಟಾದರೂ ಆಯಿತಲ್ಲ ಎನ್ನುವಷ್ಟು ದೊಡ್ಡ ಮನಸ್ಸು ನನಗೆ ದಿನವೂ ಬರುವುದಿಲ್ಲ.

ಕಳೆದ ವಾರ ಚೆಕಪ್‌ಗೆ ಹೊರಡುವ ಮುನ್ನ, ರಿಪೇರಿಯಾಗಿ ಬಂದ ಪಿಕಪ್‌ನ ಹಿಂದಿನ ಸೀಟ್ ಕವರನ್ನು ಕಸಿ ಕಟ್ಟುವ ಚಾಕುವಿನಿಂದ ಸೀಳಿದೆ. ಬಕಲ್ ಹೊಚ್ಚ ಹೊಸದಾಗಿ ಹೊಳೆಯುತ್ತಿತ್ತು. ಗಿರಿಜಳನ್ನು ಕೂರಿಸಿ ಬೆಲ್ಟ್ ಹಾಕಿದೆ. ಅವಳು ಒಮ್ಮೆ ಎಳೆದು ನೋಡಿದಳು. ಇಷ್ಟು ದಿನ ಕೇಳದಿದ್ದುದನ್ನು ಕೇಳಿದಳು.

“ಆ ಗಿಡ ಹೆಂಗದೇರೀ?”

“ಚಿಗುರಿದೆಯಂತೆ ಕಣೇ, ಗಿರಾಕಿ ಹೇಳ್ದ.”

“ಚಿಗುರ್ದೇ ಇನ್ನೇನು,” ಎಂದಳು. “ನಡೀರಿ. ನಿಧಾನಕ್ಕೆ.”